ಹಳದಿ ಬಾವುಟ ಹಿಡಿಯುವ ವಿದ್ಯೆ

ನಗೋಯಾದ ಶಾಲೆಗಳಿಗೆ ಭಾಷಾ ಸಹಾಯಕರಾಗಿ ಹೊಸದಾಗಿ ಸೇರುವವರಿಗೆ ಈಗ ಒಂದು ಕೈಪಿಡಿ ಕೊಡುತ್ತಾರಂತೆ. ಬಣ್ಣದ ಚಿತ್ರಗಳಿವೆಯಂತೆ. ಮಗುವಿನ ಪಕ್ಕ ಕೂರುವಾಗ ಮುಖದಲ್ಲಿ ಮುಗುಳ್ನಗೆ ಇರಲಿ ಎಂದು ಅದರಲ್ಲಿ ಬರೆದಿದೆಯಂತೆ. ನಾನು ಸೇರಿದಾಗ ನನಗೆ ಕೊಟ್ಟದ್ದು ಶಾಲೆಯೊಳಗೆ ಹಾಕಿಕೊಳ್ಳಲು ಒಂದು ಜೊತೆ ಚಪ್ಪಲಿ ಮತ್ತು ಒಂದು ಕುರ್ಚಿ. ಕುರ್ಚಿ ಒಂದನೇ ತರಗತಿಯ ಮಕ್ಕಳದ್ದು. ನಿವೃತ್ತಿಯಾಗುವವರೆಗೂ ನಾನು ಕೂತದ್ದು ಅದರಲ್ಲೇ. ಹಾಗಾಗಿ ಬಡ್ತಿಗಳ ವಿಷಯ ಬರೆಯುವ ಕಷ್ಟ ನನಗಿಲ್ಲ. ಮಂಡಿನೋವಿನ ವಿಷಯ ಬೇಕಾದರೆ ಬರೆಯಬಲ್ಲೆ.

ಗಂಡನಿಗೆ ಇಲ್ಲಿನ ಕಾರು ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸವಾದಾಗ ಮೈಸೂರಿನಿಂದ ಬಂದವಳು ನಾನು. ಬಂದ ಕೆಲವು ವರ್ಷಗಳಲ್ಲಿ, ಹಾಲಿನ ಪೆಟ್ಟಿಗೆಯನ್ನು ತೊಳೆದು, ಕತ್ತರಿಸಿ, ಒಣಗಿಸಿ ಕಸಕ್ಕೆ ಹಾಕಿದ್ದೇನೆಯೋ ಇಲ್ಲವೋ ಎಂದು ಪಕ್ಕದ ಮನೆಯಾಕೆಯ ಜೊತೆ ವಾದಿಸುವಷ್ಟು ಜಪಾನೀ ಬಂತು. ಆ ವಾದ ಕೇಳಿಸಿಕೊಂಡ ವಾರ್ಡ್ ಆಫೀಸಿನ ಹೆಂಗಸೊಬ್ಬಳು, ಶಾಲೆಯಲ್ಲಿ ಕೆಲಸ ಮಾಡುತ್ತೀರಾ ಎಂದು ಕೇಳಿದಳು. ಅದೇ ನನ್ನ ಸಂದರ್ಶನ.

ಕೆಲಸ ಇಷ್ಟೇ. ಬೆಂಗಳೂರು, ಮೈಸೂರುಗಳಿಂದ ಬಂದ ಇಂಜಿನಿಯರುಗಳ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿದಾಗ ಪಕ್ಕದಲ್ಲಿ ಕೂತು, ಟೀಚರ್ ಹೇಳಿದ್ದನ್ನು ಕನ್ನಡದಲ್ಲಿ ಪಿಸುಗುಟ್ಟುವುದು. ಮಗುವಿಗೆ ಭಾಷೆ ಬಂದ ಮೇಲೆ ಮುಂದಿನ ಮಗುವಿನ ಪಕ್ಕ ಹೋಗಿ ಕೂರುವುದು. ಆದರೆ ಶಾಲೆಯವರ ದೃಷ್ಟಿ ನನಗಿಂತ ವಿಶಾಲ. ಒಮ್ಮೆ ನೇಪಾಳದ ಹುಡುಗ ಸೇರಿದಾಗಲೂ ನನ್ನನ್ನೇ ಕರೆದರು. ಅವನ ಭಾಷೆ ನನಗೆ ಬರದು ಎಂದೆ. “ಪಕ್ಕದ ದೇಶ ಅಲ್ಲವೇ?” ಎಂದರು ಉಪಮುಖ್ಯೋಪಾಧ್ಯಾಯರಾದ ಕುರೋದಾ ಸೆನ್ಸೇ, ಅಂದರೆ ಕುರೋದಾ ಮೇಷ್ಟ್ರು. ಜಪಾನಿಗೂ ಕೊರಿಯಾ ಪಕ್ಕದ ದೇಶವೇ ಎಂದು ನೆನಪಿಸಬೇಕೆನಿಸಿತು. ಮುಗುಳ್ನಕ್ಕೆ. ಆ ಹುಡುಗನೂ ನಾನೂ ಎರಡು ತಿಂಗಳು ಸಿನಿಮಾ ಹಿಂದಿಯಲ್ಲಿ ಭಾಗಾಕಾರ ಮಾಡಿದೆವು.

ತಪ್ಪುಗಳೂ ಆದವು. ಪ್ರತಿ ಅವಧಿಯ ಮೊದಲ ದಿನ ಮಕ್ಕಳು ನೆಲ ಒರೆಸಲು ಮನೆಯಿಂದ ಬಟ್ಟೆ ತರಬೇಕು. ಇಲ್ಲಿ ತರಗತಿ ಗುಡಿಸಿ ಒರೆಸುವವರು ಮಕ್ಕಳೇ. ನಾನು ಚೀಟಿಯಲ್ಲಿ ‘ಒರೆಸುವ ಬಟ್ಟೆ’ ಎಂದು ಬರೆದುಕೊಟ್ಟೆ. ಒಬ್ಬ ತಾಯಿ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ, ಮೂಲೆಯಲ್ಲಿ ಕಸೂತಿಯಿದ್ದ ಕರವಸ್ತ್ರ ಕಳಿಸಿದಳು. ಮಗು ಅದರಿಂದಲೇ ಮಂಡಿಯೂರಿ ಕಾರಿಡಾರ್ ಒರೆಸಿತು. ಸಂಜೆ ತಾಯಿ ಫೋನ್ ಮಾಡಿ, “ಮೇಡಂ, ನಮ್ಮತ್ತೆ ಹಾಕಿದ ಕಸೂತಿ ಅದು” ಎಂದಳು. ನಾನು ಆಡಿದ ಸಮಾಧಾನದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಯಾವುವೂ ಫಲ ಕೊಡಲಿಲ್ಲ.

ನಾನು ಹೇಳಹೊರಟದ್ದು ನನ್ನ ಕೆಲಸದ ಕೊನೆಯ ವರ್ಷದ ಕಥೆ. ಅದರ ನಾಯಕಿ ಐದನೇ ತರಗತಿಯ ಧೃತಿ.

ಅವಳು ಎರಡನೇ ತರಗತಿಗೆ ಬಂದಾಗ ಪೂರ್ತಿ ಒಂದು ಅವಧಿ ಅತ್ತಳು. ನಾನು ಪಕ್ಕದಲ್ಲಿ ಕೂತು ಕರ್ಚೀಫು ಕೊಟ್ಟೆ. ಐದನೆಯದಕ್ಕೆ ಬರುವಷ್ಟರಲ್ಲಿ ಅವಳ ಜಪಾನೀ ನನ್ನದಕ್ಕಿಂತ ನೆಟ್ಟಗಾಗಿತ್ತು, ನಗೋಯಾದ ಎಳೆತವೂ ಸೇರಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲೋ ಜಪಾನಿಯಲ್ಲೋ. ಅವಳಿಗೆ ನನ್ನ ಅಗತ್ಯ ಯಾವತ್ತೋ ಮುಗಿದಿತ್ತು. ಆದರೆ ಶಾಲೆಯ ಕಡತದಲ್ಲಿ ‘ಸಹಾಯ ಬೇಕಾದ ಮಗು’ ಎಂದು ಒಮ್ಮೆ ಬರೆದದ್ದನ್ನು ಅಳಿಸಲು ಯಾರ ಸಹಿ ಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ನಾನು ಅವಳ ಪಕ್ಕ ಕೂರುತ್ತಿದ್ದೆ, ಅವಳು ನನಗೆ ಪಾಠ ವಿವರಿಸುತ್ತಿದ್ದಳು.

ಅವಳ ಹೆಸರು ಜಪಾನೀ ನಾಲಿಗೆಗೆ ಒಗ್ಗದು. ಕುರೋದಾ ಸೆನ್ಸೇ ಅವಳನ್ನು ಬಹಳ ಗೌರವದಿಂದ “ದುರಿತಿ ಸಾನ್” ಎನ್ನುತ್ತಿದ್ದರು. ದುರಿತ ಎಂದರೆ ಕನ್ನಡದಲ್ಲಿ ಏನೆಂದು ನಾನು ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಅವರು ಒಂದು ಸಭೆ ಕರೆಯುತ್ತಿದ್ದರು.

ಕುರೋದಾ ಸೆನ್ಸೇ ಕೆಟ್ಟವರಲ್ಲ. ಎಲ್ಲರಿಗಿಂತ ಮೊದಲು ಬಂದು, ಚಳಿಯಲ್ಲಿ ಗೇಟಿನ ಬಳಿ ನಿಂತು ಪ್ರತಿ ಮಗುವಿಗೂ ಶುಭೋದಯ ಹೇಳುವವರು. ಅವರಿಗಿದ್ದದ್ದು ಒಂದೇ ಭಯ: ಏನಾದರೂ ಆಗಿಬಿಟ್ಟರೆ? ಏನೂ ಆಗದಂತೆ ನೋಡಿಕೊಳ್ಳುವುದೇ ಶಿಕ್ಷಣ ಎಂದು ಅವರು ನಂಬಿದ್ದರು.

ಇಲ್ಲಿ ಶಾಲೆಯ ವರ್ಷ ಮಾರ್ಚಿಗೆ ಮುಗಿಯುತ್ತದೆ. ಜನವರಿಯ ಕೊನೆಗೆ ಪೋಷಕರ ಭೇಟಿ ಮುಗಿಸಿ ಹೊರಬಂದ ಧೃತಿಯ ತಂದೆ ಪ್ರಸನ್ನ ನನ್ನನ್ನು ಚಪ್ಪಲಿ ಗೂಡಿನ ಬಳಿ ನಿಲ್ಲಿಸಿದರು. ಕಾರು ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ತಂಡದ ಮುಖ್ಯಸ್ಥರು, ಬೆಂಗಳೂರಿನವರು.

“ಮೇಡಂ, ಒಂದ್ ವಿಷ್ಯ ಕೇಳ್ಲಾ? ತಪ್ಪು ತಿಳ್ಕೋಬೇಡಿ. ಈ ಲಾಸ್ಟ್ ಟರ್ಮ್‌ನಲ್ಲಿ ಆಕ್ಚುಲಿ ಏನ್ ಕಲಿಸ್ತಾರೆ ಇವ್ರು? ಅಲ್ಲಿ ನಮ್ಮಣ್ಣನ ಮಗ ಫಿಫ್ತ್‌ನಲ್ಲೇ ಫೌಂಡೇಶನ್ ಕೋರ್ಸಿಗೆ ಹೋಗ್ತಿದಾನೆ. ಇವ್ಳು ಮನೇಗೆ ಬಂದು ಹಗ್ಗ ಜಿಗಿದ ಕಥೆ ಹೇಳ್ತಾಳೆ.”

“ಶೇಕಡಾ ಲೆಕ್ಕ ಇದೆಯಲ್ಲ” ಎಂದೆ.

“ಅದು ಅವ್ಳಿಗೆ ಮೊದ್ಲೇ ಗೊತ್ತು ಮೇಡಂ. ಸಂಜೆ ಸೂಪರ್‌ಮಾರ್ಕೆಟ್ಟಲ್ಲಿ ಡಿಸ್ಕೌಂಟ್ ಸ್ಟಿಕ್ಕರ್ ಅಂಟಿಸೋ ಹೊತ್ತಿಗೇ ನಾವು ಹೋಗೋದು.” ಆಮೇಲೆ ದನಿ ತಗ್ಗಿಸಿದರು. “ಜೂನ್‌ಗೆ ಶ್ವೇತಾನೂ ಇವ್ಳನ್ನೂ ಬೆಂಗ್ಳೂರಿಗೆ ಕಳಿಸೋಣ ಅಂತಿದೀನಿ. ಸಿಕ್ಸ್ತ್‌ಗೆ ಸೀಟೂ ನೋಡಿಟ್ಟಿದೀನಿ. ಅವ್ಳಿಗೆ ಇನ್ನೂ ಹೇಳಿಲ್ಲ.”

ಅವರ ಪ್ರಶ್ನೆ ನ್ಯಾಯವಾದದ್ದೇ. ಹೊಸದಾಗಿ ಸೇರುವವರಿಗೂ ಅದನ್ನು ಜನ ಕೇಳಿಯೇ ಕೇಳುತ್ತಾರೆ, ಅದಕ್ಕೇ ಉತ್ತರ ಬರೆದಿಡುತ್ತೇನೆ. ಐದನೇ ತರಗತಿಯ ಕೊನೆಯಲ್ಲಿ ಇಲ್ಲಿ ಮಕ್ಕಳು ಬೋಲ್ಟಿಗೆ ತಂತಿ ಸುತ್ತಿ ವಿದ್ಯುತ್ಕಾಂತ ಮಾಡುತ್ತಾರೆ. ರಟ್ಟು ಕತ್ತರಿಸಿ ಪಟ್ಟಕ ಕಟ್ಟುತ್ತಾರೆ. ಭೂಕಂಪ, ಪ್ರವಾಹ, ಕಾಡು ಇವುಗಳ ಬಗ್ಗೆ ಓದುತ್ತಾರೆ. ಗೃಹವಿಜ್ಞಾನದಲ್ಲಿ ಮನೆಯವರಿಗೆ ಚಹಾ ಮಾಡಿಕೊಟ್ಟು, ಅವರು ಹೇಗೆ ಸಂತೋಷಪಟ್ಟರೆಂದು ಬರೆದು ತರಬೇಕು. ಧೃತಿ ಅಪ್ಪನಿಗೆ ಹಾಲು ಸಕ್ಕರೆಯಿಲ್ಲದ ಹಸಿರು ಚಹಾ ಕೊಟ್ಟಳು. ‘ತಂದೆ ಒಂದು ಗುಟುಕು ಕುಡಿದು ಬಹಳ ಹೊತ್ತು ಮೌನವಾಗಿದ್ದರು’ ಎಂದು ಬರೆದಳು. ಟೀಚರ್ ಪಕ್ಕದಲ್ಲಿ ‘ಬಹಳ ಚೆನ್ನಾಗಿದೆ’ ಎಂಬ ಹೂವಿನ ಗುರುತು ಹಾಕಿದರು.

ಇವೆಲ್ಲ ಪುಸ್ತಕದಲ್ಲಿರುವುದು. ನಿಜವಾದ ಪಾಠ ಬೇರೆ. ಆರನೆಯವರು ಮಾರ್ಚಿನಲ್ಲಿ ಶಾಲೆ ಬಿಡುತ್ತಾರೆ, ಐದನೆಯವರು ಶಾಲೆಗೆಲ್ಲ ಹಿರಿಯರಾಗುತ್ತಾರೆ. ಆದ್ದರಿಂದ ಈ ಅವಧಿ ಪೂರ್ತಿ ಅವರಿಗೆ ಹಿರಿತನ ಕಲಿಸಲಾಗುತ್ತದೆ. ಹಿರಿತನವೆಂದರೆ ಮೊದಲನೆಯದಾಗಿ ಕೂರುವುದು. ಪದವಿ ಸಮಾರಂಭದಲ್ಲಿ ಐದನೆಯವರು ಉಳಿದ ಮಕ್ಕಳೆಲ್ಲರ ಪರವಾಗಿ ಕೂರುತ್ತಾರೆ. ಬೆನ್ನು ಕುರ್ಚಿಗೆ ತಾಗಬಾರದು, ಅಂಗೈ ತೊಡೆಯ ಮೇಲೆ, ಕಣ್ಣು ಮುಂದೆ. ಅದಕ್ಕೆ ದಿನಗಟ್ಟಲೆ ಅಭ್ಯಾಸ. ಬಗ್ಗಿ ವಂದಿಸುವುದಕ್ಕೆ ಬೇರೆ ಅಭ್ಯಾಸ. ಚಳಿಯಲ್ಲಿ ವ್ಯಾಯಾಮ ಸಭಾಂಗಣದಲ್ಲಿ ಮಕ್ಕಳು ಬಗ್ಗುವುದನ್ನೂ ಏಳುವುದನ್ನೂ ನೋಡುತ್ತಾ ನಾನೂ ಬಗ್ಗಿ ಎದ್ದಿದ್ದೇನೆ. ಮಂಡಿಯ ವಿಷಯ ಆಗಲೇ ಹೇಳಿದೆ.

ಆ ವರ್ಷ ಶಾಲೆಗೆ ಹೊಸ ವಿಧಾನವೊಂದು ಬಂತು: ಅಂಗೈಯಗಲದ ಅನುವಾದ ಯಂತ್ರ. ಜಪಾನಿಯಲ್ಲಿ ಮಾತಾಡಿದರೆ ಕನ್ನಡದಲ್ಲಿ ಹೇಳುತ್ತದೆ, ಬರೆದೂ ಕೊಡುತ್ತದೆ. “ವಿಜಯಾ ಸಾನ್, ಇನ್ನು ನಿಮಗೆ ಶ್ರಮವಿಲ್ಲ” ಎಂದು ಕುರೋದಾ ಸೆನ್ಸೇ ಸಂತೋಷದಿಂದ ತೋರಿಸಿದರು. ಗಲ್ಲುಗಂಬಕ್ಕೆ ಹೋಗುವವನಿಗೆ ಮೆಟ್ಟಿಲು ಕಡಿಮೆ ಮಾಡಿದ್ದೇವೆ ಎನ್ನುವಷ್ಟು ಪ್ರೀತಿ ಆ ದನಿಯಲ್ಲಿ. ಆರನೆಯವರ ಬೀಳ್ಕೊಡುಗೆ ಸಮಾರಂಭದ ಸೂಚನೆಯನ್ನು ನನಗೆ ತೋರಿಸದೆ ಯಂತ್ರದಿಂದಲೇ ಅನುವಾದಿಸಿ ಮನೆಗಳಿಗೆ ಕಳಿಸಿದರು.

ಆ ಸಂಜೆ ಧೃತಿಯ ತಾಯಿ ಶ್ವೇತಾ ಫೋನ್ ಮಾಡಿದಳು. “ಮೇಡಂ, ಇದೇನು ಬಂದಿದೆ ನೋಡಿ. ‘ಆರನೇ ತರಗತಿಯವರನ್ನು ರವಾನಿಸುವ ಸಭೆ. ರವಾನೆಯ ಹೊಣೆ ಐದನೇ ತರಗತಿಯವರದು.’ ಎಲ್ಲಿಗೆ ರವಾನೆ ಮಾಡ್ತಾರೆ? ಧೃತಿನೂ ಹೋಗ್ಬೇಕಾ?”

“ಇಲ್ಲಮ್ಮ, ಬೀಳ್ಕೊಡುಗೆ. ಹಾಡು, ಡ್ಯಾನ್ಸು ಅಷ್ಟೇ.”

“ಅಯ್ಯೋ ದೇವ್ರೇ. ನಾನು ಬ್ಯಾಗ್ ಪ್ಯಾಕ್ ಮಾಡ್ಬೇಕೇನೋ ಅಂತ ಕೂತಿದೀನಿ.”

ಮರುದಿನ ಇದನ್ನು ಕುರೋದಾ ಸೆನ್ಸೇಗೆ ಹೇಳಿದೆ. ಅವರು ಗಂಭೀರವಾಗಿ ಯಂತ್ರದ ಕಡೆ ನೋಡಿದರು. “ಇದಕ್ಕೂ ಅನುಭವ ಬೇಕು, ವಿಜಯಾ ಸಾನ್. ನಿಮ್ಮ ಹಾಗೆಯೇ” ಎಂದರು. ಕರವಸ್ತ್ರದ ಕಥೆ ಅವರಿಗೆ ಯಾರು ಹೇಳಿದ್ದರೋ.

ಬೀಳ್ಕೊಡುಗೆ ಮುಗಿಯಿತು. ಐದನೆಯವರು ಹಾಡಿದರು, ಆರನೆಯವರು ಅತ್ತರು, ಎಲ್ಲವೂ ಅಭ್ಯಾಸ ಮಾಡಿದಂತೆಯೇ ನಡೆಯಿತು. ಅದಾದ ಮೇಲಿನ ಕೆಲಸ ಬಾವುಟದ ಹಸ್ತಾಂತರ.

ಇಲ್ಲಿ ಮಕ್ಕಳು ಶಾಲೆಗೆ ನಡೆದೇ ಬರಬೇಕು, ಒಂದು ಓಣಿಯವರೆಲ್ಲ ಒಂದು ಗುಂಪಾಗಿ. ಮುಂದೆ ಹಿರಿಯ ಮಗು, ಕೈಯಲ್ಲಿ ಹಳದಿ ಬಾವುಟ. ಹಿಂದೆ ಪುಟ್ಟ ಮಕ್ಕಳು ಸಾಲಾಗಿ. ರಸ್ತೆ ದಾಟುವಲ್ಲಿ ಬಾವುಟ ಅಡ್ಡ ಹಿಡಿದರೆ ಕಾರು ಕಟ್ಟುವ ಊರಿನ ಕಾರುಗಳೆಲ್ಲ ನಿಲ್ಲುತ್ತವೆ. ಬಾವುಟ ಆರನೆಯವರ ಕೈಯಲ್ಲಿರುತ್ತದೆ. ಮಾರ್ಚ್ ಬಂದಾಗ ಐದನೆಯವರಿಗೆ ಕೊಟ್ಟು, ಆರನೆಯವರು ಕೆಲವು ದಿನ ಸಾಲಿನ ಹಿಂದೆ ನಡೆದು ನೋಡುತ್ತಾರೆ. ಧೃತಿಯ ಗುಂಪಿನಲ್ಲಿ ಐದನೆಯವಳು ಅವಳೊಬ್ಬಳೇ.

ಫೆಬ್ರವರಿಯ ಕೊನೆಗೆ ಕುರೋದಾ ಸೆನ್ಸೇ ಪ್ರಸನ್ನರನ್ನೂ ಧೃತಿಯನ್ನೂ ಶಾಲೆಗೆ ಕರೆಸಿದರು. ತರಗತಿಯ ಟೀಚರ್ ಇಶಿದಾ ಸೆನ್ಸೇ ಇದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ದೊಡ್ಡವರೆದುರು ಮೇಜಿನ ಜೊತೆ ಮಾತಾಡುವ ಸ್ವಭಾವ. ಯಂತ್ರವೂ ಇತ್ತು, ಆದರೆ ಸೂಕ್ಷ್ಮ ವಿಷಯ ಎಂದು ನನ್ನನ್ನೂ ಕರೆದರು.

“ದುರಿತಿ ಸಾನ್ ಬಹಳ ಶ್ರಮಪಡುತ್ತಿದ್ದಾಳೆ” ಎಂದು ಕುರೋದಾ ಸೆನ್ಸೇ ಜಪಾನಿಯಲ್ಲಿ ಆರಂಭಿಸಿದರು. “ಬೇರೆ ಭಾಷೆ, ಬೇರೆ ಸಂಸ್ಕೃತಿ. ಅದರ ಮೇಲೆ ಇನ್ನೊಂದು ಹೊರೆ ಹೊರಿಸಬೇಕೇ ಎಂದು ಯೋಚಿಸುತ್ತಿದ್ದೇವೆ. ಕೆಲವು ಪೋಷಕರಿಗೂ ಚಿಂತೆಯಿದೆ. ನಾಲ್ಕನೇ ತರಗತಿಯ ಹುಡುಗನೊಬ್ಬ ಮುಂದೆ ನಡೆದರೆ, ದುರಿತಿ ಸಾನ್ ನಿರಾಳವಾಗಿ ಹಿಂದೆ ಬರಬಹುದು.”

ಈ ‘ಕೆಲವು ಪೋಷಕರು’ ನನಗೆ ಹಳಬರು. ಎಷ್ಟೋ ವರ್ಷಗಳಿಂದ ಪ್ರತಿ ಸಭೆಯಲ್ಲೂ ಅವರ ಚಿಂತೆ ಕೇಳಿದ್ದೇನೆ. ಅವರ ಮುಖ ಮಾತ್ರ ಕಂಡಿರಲಿಲ್ಲ.

ನಾನು ಪ್ರಸನ್ನರ ಕಡೆ ತಿರುಗಿದೆ. “ಧೃತಿಗೆ ಕಷ್ಟ ಆಗ್ಬಾರ್ದು ಅಂತ ನಾಲ್ಕನೇ ಕ್ಲಾಸಿನ ಹುಡುಗನ್ನ ಲೀಡರ್ ಮಾಡ್ತಾರಂತೆ.”

“ಓ, ಒಳ್ಳೇದೇ ಆಯ್ತಲ್ಲ ಮೇಡಂ. ಥ್ಯಾಂಕ್ಸ್ ಹೇಳ್ಬಿಡಿ.” ನಾನು ಹೇಳುವ ಮೊದಲೇ ಅವರೇ ಬಗ್ಗಿ, “ಅರಿಗಾತೋ ಗೊಜಾಯಿಮಾಸು” ಎಂದರು.

ಆಗ ಧೃತಿ ಕುರೋದಾ ಸೆನ್ಸೇಯನ್ನು ನೋಡಿ ಸ್ಪಷ್ಟವಾದ ಜಪಾನಿಯಲ್ಲಿ ಕೇಳಿದಳು: “ಹೊರೆ ಆಗುತ್ತದೆ ಅಂತ ನಾನು ಹೇಳಿದ್ದೆನಾ?”

ಕುರೋದಾ ಸೆನ್ಸೇ ನನ್ನ ಕಡೆ ತಿರುಗಿದರು. “ದುರಿತಿ ಸಾನ್ ಏನೆನ್ನುತ್ತಿದ್ದಾಳೆ?”

ಅವಳು ಹೇಳಿದ್ದನ್ನೇ ನಾನು ಜಪಾನಿಯಿಂದ ಜಪಾನಿಗೆ ಅನುವಾದಿಸಿದೆ. ಸರ್ಕಾರ ಅದಕ್ಕೂ ಗಂಟೆಯ ಲೆಕ್ಕದಲ್ಲಿ ಸಂಬಳ ಕೊಡುತ್ತದೆ.

ಇಶಿದಾ ಸೆನ್ಸೇ ಮೇಜನ್ನು ಇನ್ನೂ ಶ್ರದ್ಧೆಯಿಂದ ನೋಡತೊಡಗಿದರು. ಕುರೋದಾ ಸೆನ್ಸೇ ಸ್ವಲ್ಪ ಹೊತ್ತು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, “ಯೋಚಿಸಿ ನೋಡುತ್ತೇವೆ” ಎಂದರು. ಹೊಸಬರು ಇದನ್ನು ಬರೆದಿಟ್ಟುಕೊಳ್ಳಬೇಕು. ಯೋಚಿಸಿ ನೋಡುತ್ತೇವೆ ಎಂದರೆ ಯೋಚಿಸಿ ಆಗಿದೆ ಎಂದರ್ಥ.

ಕಾರಿಡಾರಿನಲ್ಲಿ ಧೃತಿ ನಿಂತುಬಿಟ್ಟಳು. ಇಂಗ್ಲಿಷಿನಲ್ಲಿ ಕೇಳಿದಳು, “ಅಪ್ಪಾ, ವೈ ಡಿಡ್ ಯು ಸೇ ಥ್ಯಾಂಕ್ಯೂ? ದೇ ಸೆಡ್ ನೋ ಟು ಮಿ. ಯು ಸೆಡ್ ಥ್ಯಾಂಕ್ಯೂ.”

“ನೋ ಎಲ್ಲಮ್ಮ ಅಂದ್ರು?” ಪ್ರಸನ್ನ ನನ್ನ ಮುಖ ನೋಡಿದರು. “ಅಂದ್ರಾ ಮೇಡಂ?”

“ಅಂದ್ರು” ಎಂದೆ.

ಪ್ರಸನ್ನ ಮಗಳ ಬ್ಯಾಗನ್ನು ತಾವು ಎತ್ತಿಕೊಳ್ಳಲು ಹೋದರು, ಅವಳು ಕೊಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಗೇಟು ದಾಟಿ ಹೋದರು.

ನನಗೆ ಆ ದಿನ ಬಹಳ ಕೋಪ ಬಂದಿತ್ತು. ಶಿಕ್ಷಕರ ಕೊಠಡಿಯಲ್ಲಿ ಕುರೋದಾ ಸೆನ್ಸೇಗೆ ಏನೇನು ಹೇಳಬೇಕೆಂದು ಜಪಾನಿಯಲ್ಲಿ ವಾಕ್ಯ ಜೋಡಿಸುತ್ತಾ ಕೂತೆ. ಬೈಗುಳಕ್ಕೂ ಗೌರವದ ಕ್ರಿಯಾಪದ ಹಚ್ಚಬೇಕಾದ ಭಾಷೆಯಲ್ಲಿ ಅದು ಸುಲಭವಲ್ಲ. ಆಗ ಇಶಿದಾ ಸೆನ್ಸೇ ಕಾಫಿ ಲೋಟ ಹಿಡಿದು ಬಂದು ಪಕ್ಕ ನಿಂತರು. “ವಿಜಯಾ ಸಾನ್, ನಾಡಿದ್ದು ಗುಂಪುಗಳ ಸಭೆ. ದುರಿತಿ ಸಾನ್ ಗುಂಪಿಗೆ ಮೇಲ್ವಿಚಾರಕಿ ನಾನೇ” ಎಂದು ಲೋಟಕ್ಕೆ ಹೇಳಿದರು. ಆಮೇಲೆ ಇನ್ನೂ ಮೆಲ್ಲಗೆ, “ಯಾರೂ ನನಗೆ ಬೇರೆ ಥರ ಮಾಡಿ ಅಂತ ಸ್ಪಷ್ಟವಾಗಿ ಹೇಳಿಲ್ಲ ಅಲ್ಲವಾ?”

ನಿಜವೇ. ಕುರೋದಾ ಸೆನ್ಸೇ ಜೀವಮಾನದಲ್ಲಿ ಯಾರಿಗೂ ಯಾವುದನ್ನೂ ಸ್ಪಷ್ಟವಾಗಿ ಹೇಳಿದವರಲ್ಲ.

ಸಭೆಯ ದಿನ ಓಣಿಯ ಮಕ್ಕಳೆಲ್ಲ ಒಂದು ತರಗತಿಯಲ್ಲಿ ಸೇರಿದರು. ಕುರೋದಾ ಸೆನ್ಸೇ ಒಂದೊಂದೇ ಕೊಠಡಿಗೆ ಇಣುಕುತ್ತಾ ಬರುತ್ತಿದ್ದರು. ಅವರು ನಮ್ಮ ಬಾಗಿಲಿಗೆ ಬರುವ ಹೊತ್ತಿಗೇ ಇಶಿದಾ ಸೆನ್ಸೇ, “ಈ ಗುಂಪಿನಲ್ಲಿ ಐದನೇ ತರಗತಿಯವರು ಯಾರು?” ಎಂದು ಕೇಳಿದರು. ಧೃತಿ ಕೈಯೆತ್ತಿದಳು. ಆರನೆಯ ಹುಡುಗ ಬಾವುಟ ತಂದು ಎರಡು ಕೈಯಲ್ಲಿ ಕೊಟ್ಟ, ಇವಳು ಎರಡು ಕೈಯಲ್ಲಿ ತೆಗೆದುಕೊಂಡಳು. ಮಕ್ಕಳು ಚಪ್ಪಾಳೆ ತಟ್ಟಿದರು.

ಕುರೋದಾ ಸೆನ್ಸೇ ಬಾಗಿಲಲ್ಲೇ ನಿಂತು, “ಇಶಿದಾ ಸೆನ್ಸೇ, ಇದು...” ಎಂದರು.

ಇಶಿದಾ ಸೆನ್ಸೇ ಮೊದಲ ಸಲ ಅವರ ಮುಖವನ್ನೇ ನೋಡಿ, “ಹೌದು. ಪ್ರತಿ ವರ್ಷದ ಹಾಗೆ” ಎಂದರು.

ಈ ದೇಶದಲ್ಲಿ ಇದಕ್ಕಿಂತ ಬಲವಾದ ಮಾತು ಇನ್ನೊಂದಿಲ್ಲ. ನ್ಯಾಯ ಎಂದಿದ್ದರೆ ಚರ್ಚೆಯಾಗುತ್ತಿತ್ತು, ಸಮಾನತೆ ಎಂದಿದ್ದರೆ ಸಮಿತಿಯಾಗುತ್ತಿತ್ತು. ಪ್ರತಿ ವರ್ಷದ ಹಾಗೆ ಎಂದ ಮೇಲೆ ಕುರೋದಾ ಸೆನ್ಸೇ ತಲೆಯಾಡಿಸಿ ಮುಂದಿನ ಕೊಠಡಿಗೆ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಧೃತಿ ಬಾವುಟ ಹಿಡಿದ ಮೊದಲ ವಾರದಲ್ಲೇ ಒಂದು ಬೆಳಗ್ಗೆ ಅವಳ ಗುಂಪು ಬರಲೇ ಇಲ್ಲ. ಗಂಟೆ ಹೊಡೆಯಿತು. ಗೇಟಿನ ಬಳಿ ಕುರೋದಾ ಸೆನ್ಸೇ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು. ಕೊನೆಯ ವರ್ಷ, ಕೊನೆಯ ತಿಂಗಳು, ಇದನ್ನೂ ನೋಡಬೇಕಾಯಿತಲ್ಲ ಎಂದುಕೊಂಡು ನಾನೂ ಹೋಗಿ ನಿಂತೆ. ಏನಾದರೂ ಆಗಿಬಿಟ್ಟರೆ ಎಂಬ ಆ ಭಯ ಎಂಥದೆಂದು ಆವತ್ತು ನನಗೂ ಗೊತ್ತಾಯಿತು.

ಕಡೆಗೆ ತಿರುವಿನಲ್ಲಿ ಹಳದಿ ಬಾವುಟ ಕಂಡಿತು. ಹಿಂದೆ ಸಾಲಾಗಿ ಎಲ್ಲ ಮಕ್ಕಳು. ಯಾರೂ ಓಡುತ್ತಿರಲಿಲ್ಲ. ಸಾಲಿನ ಮಧ್ಯೆ ಒಂದನೇ ತರಗತಿಯ ಹಾರುತೊ ಎಂಬ ಹುಡುಗ, ಅತ್ತು ಕೆಂಪಾದ ಮೂಗು, ತೋಳಿನಲ್ಲಿ ವ್ಯಾಯಾಮದ ಬಟ್ಟೆಯ ಚೀಲ. ಅವನು ಚೀಲ ಮರೆತು ಅರ್ಧ ದಾರಿಯಲ್ಲಿ ಕೂತು ಅತ್ತನಂತೆ. ಬಿಟ್ಟು ಮುಂದೆ ಹೋಗೋಣ ಎಂದು ಸಾಲಿನ ಹಿಂದಿದ್ದ ಆರನೆಯ ಹುಡುಗ ಹೇಳಿದ. ಧೃತಿ ಒಪ್ಪದೆ, ಎಲ್ಲರನ್ನೂ ಸಾಲಾಗಿಯೇ ಹಿಂದಕ್ಕೆ ನಡೆಸಿಕೊಂಡು ಹೋಗಿ, ಚೀಲ ತೆಗೆದುಕೊಂಡು ಬಂದಿದ್ದಳು.

“ವಿಜಯಾ ಸಾನ್, ತಡವಾದರೆ ಎಲ್ಲರಿಗೂ ತೊಂದರೆ ಎಂದು ದುರಿತಿ ಸಾನ್‌ಗೆ ಹೇಳಿ” ಎಂದರು ಕುರೋದಾ ಸೆನ್ಸೇ, ಅವಳ ಎದುರೇ ನಿಂತು.

“ಸುಮಿಮಾಸೆನ್, ಕ್ಷಮಿಸಿ” ಎಂದಳು ಧೃತಿ, ನಾನು ಬಾಯಿ ತೆರೆಯುವ ಮೊದಲೇ. ಅಭ್ಯಾಸದಲ್ಲಿ ಕಲಿಸಿದ ಹಾಗೆ ಸರಿಯಾಗಿ ಬಗ್ಗಿ ಎದ್ದಳು. “ಆದರೆ ನಾನು ಎರಡನೇ ಕ್ಲಾಸಿನಲ್ಲಿ ಅಳುತ್ತಿದ್ದಾಗ ಯಾರೂ ನನ್ನನ್ನು ಬಿಟ್ಟು ಹೋಗಲಿಲ್ಲ.”

ಕುರೋದಾ ಸೆನ್ಸೇ ಗೇಟು ಹಾಕುವ ಕೆಲಸಕ್ಕೆ ತೊಡಗಿದರು.

ಮಧ್ಯಾಹ್ನ ಹಾರುತೊನ ತಾಯಿ ಓನೋ ಸಾನ್ ಶಾಲೆಗೆ ಬಂದರು. ದೂರು ಎಂದೇ ಎಲ್ಲರೂ ಸಿದ್ಧರಾದರು. ಇಶಿದಾ ಸೆನ್ಸೇ ಕ್ಷಮೆಯ ಮಾತು ಮೊದಲೇ ಶುರುಮಾಡಿದರು. ಓನೋ ಸಾನ್ ಗಾಬರಿಯಾಗಿ, ತಾನು ಧನ್ಯವಾದ ಹೇಳಲು ಬಂದದ್ದು ಎಂದರು. ಮಗ ಮನೆಗೆ ವಾಪಸು ಬಂದಾಗ ಬಾಗಿಲಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತದ್ದು ಕಂಡು ನಗುವೂ ಅಳುವೂ ಬಂತಂತೆ. “ಆ ಹುಡುಗಿಗೆ ಕಷ್ಟವಾದೀತು, ಯಾರಾದರೂ ಜೊತೆಗಿದ್ದರೆ ಒಳ್ಳೆಯದು, ಬೇಕಾದರೆ ನಾನೇ ಅಡ್ಡರಸ್ತೆಯ ತನಕ ನಡೆಯುತ್ತೇನೆ ಎಂದು ಫೆಬ್ರವರಿಯಲ್ಲೇ ಕುರೋದಾ ಸೆನ್ಸೇಗೆ ಫೋನಿನಲ್ಲಿ ಹೇಳಿದ್ದೆ. ಅದೇನಾಯಿತು?” ಎಂದು ಕೇಳಿದರು.

ನಾನು ಅಂತೂ ‘ಕೆಲವು ಪೋಷಕರ’ ಮುಖ ನೋಡಿದೆ. ಒಬ್ಬರೇ ಇದ್ದರು. ಅವರ ಚಿಂತೆ ನಿಜವಾದ ಚಿಂತೆಯೇ ಆಗಿತ್ತು. ಜೊತೆಗೆ ನಡೆಯುತ್ತೇನೆ ಎಂದದ್ದು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಬೇಡ ಎಂದಾಗಿತ್ತು, ಅದೂ ಜಪಾನಿಯಲ್ಲೇ. ಈ ಶಾಲೆಯಲ್ಲಿ ಅನುವಾದಕಿ ನಾನೊಬ್ಬಳೇ ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ.

ಮರುದಿನದಿಂದ ಓನೋ ಸಾನ್ ಅಡ್ಡರಸ್ತೆಯ ತನಕ ನಡೆಯತೊಡಗಿದರು. ಧೃತಿ ಅವರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸಿದಳು.

ಪದವಿ ಸಮಾರಂಭಕ್ಕೆ ಮುಂಚಿನ ವಾರ ಪ್ರಸನ್ನ ಆಫೀಸಿಗೆ ತಡವಾಗಿ ಹೋಗಲು ಅನುಮತಿ ಕೇಳಿ, ಮಗಳ ಗುಂಪನ್ನು ಹಿಂಬಾಲಿಸಿದರು. ಅವಳಿಗೆ ಕಾಣಬಾರದೆಂದು ದಿನವಿಡೀ ತೆರೆದಿರುವ ಕೊಂಬಿನಿ ಅಂಗಡಿಯ ಮುಂದೆ ಟೀ ಬಾಟಲಿ ಹಿಡಿದು ನಿಂತು, ಮುಂದೆ ತಂಪುಪಾನೀಯದ ಯಂತ್ರದ ಹಿಂದೆ ಅಡಗಿ, ಹೀಗೆ ಶಾಲೆಯ ತನಕ ಬಂದರು. ಹೀಗೆ ಅಡಗಿ ನಿಲ್ಲುವ ಪರದೇಶಿ ಗಂಡಸನ್ನು ನೋಡಿ ಯಾರೂ ಪೊಲೀಸರನ್ನು ಕರೆಯದಿದ್ದದ್ದು ಅವರ ಪುಣ್ಯ. ಗೇಟಿನ ಬಳಿ ನಾನು ಸಿಕ್ಕಿದೆ.

“ನೋಡಿದ್ರಾ?” ಎಂದೆ.

“ನೋಡ್ದೆ ಮೇಡಂ.” ಬಾವುಟ ಹೋದ ದಿಕ್ಕನ್ನೇ ನೋಡುತ್ತಿದ್ದರು. “ನನ್ ಟೀಮ್‌ನಲ್ಲಿ ಎಂಟ್ ಜನ ಇದಾರೆ. ಲೀಡ್ ಅಂತ ನನಗೆ ಹೆಸ್ರು. ಒಬ್ರೂ ನನ್ ಹಿಂದೆ ಹೀಗೆ ಬಂದಿಲ್ಲ.”

“ಬಾವುಟ ಇಲ್ವಲ್ಲ ನಿಮ್ಮತ್ರ.”

ಅವರು ನಗಲಿಲ್ಲ. “ರಾತ್ರಿ ಜೂನ್ ವಿಷ್ಯ ಹೇಳ್ದೆ ಅವ್ಳಿಗೆ. ಅಳ್ತಾಳೆ ಅನ್ಕೊಂಡಿದ್ದೆ. ಅಳ್ಲಿಲ್ಲ. ಏಪ್ರಿಲ್‌ಗೆ ಒಂದನೇ ಕ್ಲಾಸಿಗೆ ಇಬ್ರು ಹೊಸಬ್ರು ಬರ್ತಾರೆ ಅಪ್ಪಾ, ನಾನು ಅವ್ರಿಗೆ ದಾರಿ ತೋರಿಸ್ಬೇಕು, ಹೂ ವಿಲ್ ಟೇಕ್ ದೆಮ್ ಅಂತ ಕೇಳಿದ್ಳು. ನಾನು ಏನ್ ಹೇಳ್ಲಿ?” ಟೀ ಬಾಟಲಿಯ ಮುಚ್ಚಳ ತಿರುಗಿಸುತ್ತಾ, “ಬೆಂಗ್ಳೂರ್ ಸೀಟ್ ಬೇಡ ಅಂತ ಬೆಳಗ್ಗೆ ಮೇಲ್ ಹಾಕ್ದೆ. ಒಂದ್ ವರ್ಷ ಮಾತ್ರ ಅಂತ ಹೇಳಿದೀನಿ” ಎಂದರು.

ಆ ತಿಂಗಳ ಶಾಲಾ ಪತ್ರಿಕೆಯ ಮುಖಪುಟದಲ್ಲಿ ಬಾವುಟ ಹಿಡಿದ ಧೃತಿಯ ದೊಡ್ಡ ಚಿತ್ರ ಬಂತು. ಪಕ್ಕದಲ್ಲಿ ಕುರೋದಾ ಸೆನ್ಸೇ. ವಿದೇಶಿ ಮಕ್ಕಳಿಗೆ ನಾಯಕತ್ವದ ಅವಕಾಶ ನೀಡುವುದು ನಮ್ಮ ಶಾಲೆಯ ಧ್ಯೇಯ ಎಂದು ಕೆಳಗೆ ಬರೆದಿತ್ತು. ನಾನೇ ಅದನ್ನು ಕನ್ನಡಕ್ಕೆ ಅನುವಾದಿಸಿದೆ. ಎಲ್ಲೂ ಒಂದಕ್ಷರ ಬದಲಿಸಲಿಲ್ಲ, ಇದು ನನ್ನ ವೃತ್ತಿಧರ್ಮ. ಚಿತ್ರದಲ್ಲಿ ಇಶಿದಾ ಸೆನ್ಸೇ ಇರಲಿಲ್ಲ. ಫೋಟೋ ತೆಗೆದವರು ಅವರು.

ಆರನೆಯವರು ಪದವಿ ಪಡೆದು ಹೋದರು. ಶಾಲೆ ಮುಗಿಯಲು ಇನ್ನೂ ಕೆಲವು ದಿನ ಇತ್ತು. ಆರನೆಯವರ ತರಗತಿಗಳು ಖಾಲಿ, ಐದನೆಯವರೇ ಹಿರಿಯರು. ಕೊನೆಯ ದಿನ ನನ್ನದೂ ಕೊನೆಯ ದಿನ. ಒಪ್ಪಂದ ಮುಂದುವರಿಸುವುದಿಲ್ಲ ಎಂದು ಮೊದಲೇ ತಿಳಿಸಿದ್ದರು. ನನಗೂ ವಯಸ್ಸಾಗಿತ್ತು, ಯಂತ್ರಕ್ಕೂ ಅನುಭವ ಬಂದಿತ್ತು.

ಸಂಜೆ ಪ್ರಸನ್ನ, ಶ್ವೇತಾ, ಧೃತಿ ನನ್ನನ್ನು ಕಾಣಲು ಶಿಕ್ಷಕರ ಕೊಠಡಿಗೆ ಬಂದರು. ಇಶಿದಾ ಸೆನ್ಸೇ ಹೂಗುಚ್ಛ ಕೊಟ್ಟರು. ಕುರೋದಾ ಸೆನ್ಸೇ ಎದ್ದು ನಿಂತು ಭಾಷಣ ಮಾಡಿದರು. ಹೊಗಳಿಕೆಯ ಭಾಷಣ, ಉದ್ದವಾಗಿತ್ತು. ಮುಗಿಸಿ, ಅಭ್ಯಾಸಬಲದಿಂದ, “ವಿಜಯಾ ಸಾನ್, ದಯವಿಟ್ಟು ಪೋಷಕರಿಗೆ ಅನುವಾದಿಸಿ” ಎಂದರು.

ನನ್ನ ಹೊಗಳಿಕೆಯನ್ನು ನಾನೇ ಅನುವಾದಿಸಬೇಕು. ಕೈಪಿಡಿಯಲ್ಲಿ ಇದಕ್ಕೆ ಪಾಠವಿರಲಿಕ್ಕಿಲ್ಲ. ನಾನು ಶ್ವೇತಾಳ ಕಡೆ ತಿರುಗಿ, “ನಾಳೆಯಿಂದ ನಾನು ಬರಲ್ಲ ಅಂತಿದಾರೆ” ಎಂದೆ.

“ಆಂಟಿ, ಅವ್ರು ಅಷ್ಟೇ ಹೇಳ್ಲಿಲ್ಲ” ಎಂದಳು ಧೃತಿ. ಕನ್ನಡದಲ್ಲಿ. ಅವಳಪ್ಪ ತಿರುಗಿ ನೋಡಿದರು. ಅವಳು ಒಂದೊಂದೇ ಪದ ಹುಡುಕುತ್ತಾ, ಮಧ್ಯೆ ಮಧ್ಯೆ ನಿಲ್ಲುತ್ತಾ ಮುಂದುವರಿಸಿದಳು: “ನೀವು ಇದ್ದಿದ್ದು... ತುಂಬಾ ಸಹಾಯ ಆಯ್ತು ಅಂತ. ಮಕ್ಕಳು... ಅಳೋ ಮಕ್ಕಳ ಪಕ್ಕ ಕೂತ್ರಿ ಅಂತ. ಆಮೇಲೆ ನೀವು ಇಲ್ದೇ... ಬೇಜಾರ್ ಆಗತ್ತೆ ಅಂತ. ಅದು ಸುಮ್ನೆ ಹೇಳಿದ್ದಲ್ಲ ಆಂಟಿ, ನಿಜ. ಅವ್ರ ಮುಖ ನೋಡಿ.”

ನಾನು ಕುರೋದಾ ಸೆನ್ಸೇಯ ಮುಖ ನೋಡಿದೆ. ಏನೂ ಕಾಣಿಸಲಿಲ್ಲ. ಅವರದೇನೂ ತಪ್ಪಿಲ್ಲ, ಆ ಹೊತ್ತಿಗೆ ನನಗೆ ಯಾರ ಮುಖವೂ ಕಾಣಿಸುತ್ತಿರಲಿಲ್ಲ.